ಮಲೆನಾಡಲ್ಲಿ ಉಪಗ್ರಹ ಚಿತ್ರ ಹಿಡಿದು ಯುರೇನಿಯಂ ಹುಡುಕೋದು: ನಕ್ಷೆ ಪೂರ್ತಿ ಕೆಂಪಾಗಿದೆ, ಎಂತ ಅರ್ಥ?

ಕೊಡಚಾದ್ರಿ ಕಂಡಿ

ಎಂ.ಎಸ್ಸಿ. ಪ್ರಾಜೆಕ್ಟಿನ ಪ್ರಶ್ನೆ. ಸೆಂಟಿನೆಲ್-2 ಉಪಗ್ರಹದ ಜನವರಿ ಚಿತ್ರದಲ್ಲಿ 11ನೇ ಬ್ಯಾಂಡನ್ನು (ಬ್ಯಾಂಡ್ ಅಂದರೆ ಬೆಳಕಿನ ಒಂದು ತರಂಗಪಟ್ಟಿ) 12ನೇ ಬ್ಯಾಂಡಿನಿಂದ ಭಾಗಿಸಿ ನಕ್ಷೆ ಮಾಡಿದೆ, ಅನುಪಾತ ಹೆಚ್ಚಿದ್ದಲ್ಲಿ ಕೆಂಪು. ತೀರ್ಥಹಳ್ಳಿ, ಹೊಸನಗರ ಕಡೆ ಪೂರ್ತಿ ಕೆಂಪು. ಚನ್ನಗಿರಿ ಕಡೆ ಕೆಂಪು ಕಡಿಮೆ. ಈ ಅನುಪಾತ ಹೆಚ್ಚಿದ್ದರೆ ಜೇಡಿ ಖನಿಜ, ಜೇಡಿ ಅಂದರೆ ಬಿಸಿದ್ರವ ಹರಿದು ಬಂಡೆ ಮಾರ್ಪಟ್ಟ ಜಾಗ, ಅಂಥಲ್ಲಿ ಯುರೇನಿಯಂ ಇರಬಹುದು ಅಂತ ಓದಿದ್ದು. ಯಾದಗಿರಿಯ ಗೋಗಿ ನಿಕ್ಷೇಪಕ್ಕೆ ಅನುಸರಿಸೋ ಕ್ರಮವನ್ನೇ ಇಲ್ಲೂ ಅನುಸರಿಸಬಹುದಾ? ನಕ್ಷೆಯಲ್ಲಿ ಬಂಡೆಯ ಸೀಳು ಅನ್ನಿಸಿದ ಕಡೆ ಗೆರೆ ಎಳೆದು, ಕೆಂಪು ಮತ್ತು ಗೆರೆ ಕೂಡೋ ಕಡೆ ಗುರುತು ಹಾಕೋಣ ಅಂತಿದ್ದೇನೆ.

ಆಗುಂಬೆ ಮೋಡ

ಅದು ಜೇಡಿ ಅಲ್ಲ ಮಾರಾಯ್ರೆ, ಎಲೆ.

11ನೇ ಬ್ಯಾಂಡ್ ಇರೋದು 1.61 ಮೈಕ್ರಾನಿನಲ್ಲಿ, 12ನೇದು 2.19ರಲ್ಲಿ. ಹಸಿರೆಲೆಯೊಳಗಿನ ನೀರು ಎರಡೂ ಕಡೆ ಬೆಳಕು ಹೀರುತ್ತದೆ, ಆದರೆ 2.2ರ ಹತ್ತಿರ ಇನ್ನೂ ಜಾಸ್ತಿ. ಹಾಗಾಗಿ ದಟ್ಟ ಕಾನಿನ ಮೇಲೆ ಈ ಅನುಪಾತ 2ರ ಆಸುಪಾಸಿಗೆ ಏರುತ್ತದೆ. ಬರಿ ಜೇಡಿಮಣ್ಣು ಸಾಮಾನ್ಯವಾಗಿ 1.1ರಿಂದ 1.4ರೊಳಗೆ ಇರುತ್ತದೆ. ಅಂದರೆ ನಿಮ್ಮ ನಕ್ಷೆ ಜೇಡಿಗಿಂತ ಆಗುಂಬೆ ಕಾಡನ್ನೇ ಚೆಂದ ಮಾಡಿ ತೋರಿಸಿದೆ. ಚನ್ನಗಿರಿ ಕಡೆ ಕಡಿಮೆ ಬಂದಿದ್ದೂ ಅದಕ್ಕೇ. ಅಲ್ಲಿ ಎಲೆ ಉದುರಿಸೋ ಕಾಡು, ಕುರುಚಲು, ಕೊಯ್ಲಾದ ಹೊಲ.

ಮೊದಲು ಎನ್‌ಡಿವಿಐ (ಹಸಿರು ಎಷ್ಟಿದೆ ಅಂತ ಹೇಳೋ ಸೂಚ್ಯಂಕ) ಲೆಕ್ಕ ಹಾಕಿ 0.35ಕ್ಕಿಂತ ಮೇಲಿನ ಪಿಕ್ಸೆಲ್‌ಗಳನ್ನೆಲ್ಲ ಮುಚ್ಚಿ. ಪಶ್ಚಿಮದ ತಾಲ್ಲೂಕುಗಳಲ್ಲಿ ಆಮೇಲೆ ಉಳಿಯೋದು ಗದ್ದೆ, ಬ್ಯಾಣ, ರಸ್ತೆ, ಕಲ್ಲುಕೋರೆ, ಹಿನ್ನೀರು ಇಳಿದ ದಡ, ಅಷ್ಟೇ. ಅದನ್ನು ನೋಡಿದರೆ ಈ ವಿಧಾನಕ್ಕೆ ಇಲ್ಲಿ ಎಷ್ಟು ಕೆಲಸ ಇದೆ ಅಂತ ಗೊತ್ತಾಗುತ್ತದೆ. ಜನವರಿ ಬಿಟ್ಟು ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನ ಚಿತ್ರ ತಗೊಳ್ಳಿ, ಎಲೆ ಉದುರಿರುತ್ತದೆ. ಅದಕ್ಕೂ ತಡ ಮಾಡಿದರೆ ಕಾಳ್ಗಿಚ್ಚಿನ ಹೊಗೆ, ಆಮೇಲೆ ಮುಂಗಾರುಪೂರ್ವ ಮಳೆಯ ಮೋಡ. ಜೂನಿನಿಂದ ಸೆಪ್ಟೆಂಬರ್ ತನಕದ ಚಿತ್ರಗಳ ಸುದ್ದಿಯೇ ಬೇಡ. ಬೆಂಕಿ ಬಿದ್ದ ಗುಡ್ಡ ಮಾತ್ರ ಈ ಕೆಲಸಕ್ಕೆ ಒಂಥರಾ ಅನುಕೂಲ. ಬಿದ್ದ ಒಂದೆರಡು ವಾರದ ನಂತರದ ಚಿತ್ರದಲ್ಲಿ ನೆಲ ಕಾಣುತ್ತದೆ.

ತೆಳು ಗಿಡಗಂಟಿ ಇರೋ ಕಡೆ ಇನ್ನೊಂದು ಉಪಾಯ ಇದೆ. ಎಲೆಯ ಅನುಪಾತ, ಅಂದರೆ 8ಎ ಭಾಗಿಸು 4, ಮತ್ತು ಜೇಡಿಯ ಅನುಪಾತ 11 ಭಾಗಿಸು 12, ಎರಡನ್ನೇ ಕೊಟ್ಟು ಪ್ರಿನ್ಸಿಪಲ್ ಕಾಂಪೊನೆಂಟ್ (ಎರಡರಲ್ಲೂ ಒಟ್ಟಿಗೆ ಏರೋದನ್ನೂ ಬೇರೆಬೇರೆ ಏರೋದನ್ನೂ ಬಿಡಿಸೋ ಲೆಕ್ಕ) ಮಾಡಿ. ಮೊದಲ ಘಟಕದಲ್ಲಿ ಎರಡರ ತೂಕಕ್ಕೂ ಒಂದೇ ಚಿಹ್ನೆ ಬರುತ್ತದೆ, ಅದು ಎಲೆ. ಎರಡನೆಯದರಲ್ಲಿ ಚಿಹ್ನೆ ತಿರುಗುಮುರುಗಾಗಿದ್ದರೆ ಅದರಲ್ಲಿ ಉಳಿದದ್ದು ಜೇಡಿ. ತೂಕದ ಕೋಷ್ಟಕ ನೋಡದೆ ಬರಿ ಚಿತ್ರ ನೋಡಿ ಹೇಳಬೇಡಿ, ಚಿಹ್ನೆ ಉಲ್ಟಾ ಇದ್ದರೆ ಕಪ್ಪು ಜಾಗವೇ ಜೇಡಿ ಆಗಿರುತ್ತದೆ. ಕಾನಿನ ಕೆಳಗೆ ಇದೂ ನಡೆಯೋದಿಲ್ಲ.

ಸೆಂಟಿನೆಲ್, ಲ್ಯಾಂಡ್‌ಸ್ಯಾಟ್ ಎರಡಕ್ಕೂ 2.2ರ ಹತ್ತಿರ ಇರೋದು ಅಗಲವಾದ ಒಂದೊಂದೇ ಬ್ಯಾಂಡ್. ಜೇಡಿಯಂಥ ಖನಿಜಗಳಲ್ಲಿ ಸೆರಿಸೈಟ್ ಯಾವುದು, ಕ್ಲೋರೈಟ್ ಯಾವುದು ಅಂತ ಬೇರೆ ಮಾಡಲು, ಅಲ್ಲಿ ಹಲವು ಬ್ಯಾಂಡ್ ಇರೋ ಆಸ್ಟರ್‌ನಂಥ ಉಪಗ್ರಹ ಉಪಕರಣ ಬೇಕು. ಅದರ ಶಾರ್ಟ್‌ವೇವ್ ಭಾಗ 2008ರ ಏಪ್ರಿಲ್‌ನಲ್ಲಿ ಕೆಟ್ಟಿತು, ಆದ್ದರಿಂದ 2000ದಿಂದ 2007ರೊಳಗಿನ ಬೇಸಿಗೆ ಚಿತ್ರಗಳನ್ನೇ ಹುಡುಕಬೇಕು. 4ನೇ ಬ್ಯಾಂಡಿನ ಬೆಳಕು 5 ಮತ್ತು 9ಕ್ಕೆ ಸೋರೋ ದೋಷ ಅದರಲ್ಲಿ ಇದೆ, ಕ್ರಾಸ್‌ಟಾಕ್ ತಿದ್ದುಪಡಿ ಆದ ಕಡತವನ್ನೇ ಇಳಿಸಿಕೊಳ್ಳಿ. ಇಲ್ಲದಿದ್ದರೆ ಇಲ್ಲದ ಖನಿಜ ಕಾಣುತ್ತದೆ.

ಹಿಂಗಾರ

ಉಪಗ್ರಹಕ್ಕೆ ನೇರವಾಗಿ ವಿಕಿರಣ ಕಾಣೋದಿಲ್ವಾ? ವಾಟ್ಸಾಪಿನಲ್ಲಿ ಬರೋ ನಕ್ಷೆಗಳಲ್ಲಿ ಹಾಗೇ ಹೇಳ್ತಾರೆ.

ಗಾಮಾ ಗೌಡ್ತಿ

ಕಾಣೋದಿಲ್ಲ. ನೆಲದಿಂದ ಹೊರಬರೋ ಗಾಮಾ ಕಿರಣವೇ ಮೇಲಿನ 30 ಸೆಂಟಿಮೀಟರ್ ಮಣ್ಣು-ಬಂಡೆಯದು. ಅದಕ್ಕಿಂತ ಕೆಳಗಿನದು ಅಲ್ಲೇ ಹೀರಿಹೋಗುತ್ತದೆ. ಹೊರಬಂದದ್ದೂ ನೂರು-ನೂರೈವತ್ತು ಮೀಟರ್ ಗಾಳಿಯಲ್ಲಿ ಅರ್ಧಕ್ಕಿಳಿಯುತ್ತದೆ. ಲ್ಯಾಂಡ್‌ಸ್ಯಾಟ್ ಇರೋದು 705 ಕಿಲೋಮೀಟರ್ ಎತ್ತರದಲ್ಲಿ. ಅದಕ್ಕೇ ಗಾಮಾ ಸರ್ವೆಯನ್ನು ವಿಮಾನದಲ್ಲೋ ಹೆಲಿಕಾಪ್ಟರಿನಲ್ಲೋ ನೂರು ಮೀಟರ್ ಆಸುಪಾಸಿನ ಎತ್ತರದಲ್ಲಿ ಹಾರಿಸಿ ಮಾಡೋದು. ಚಂದ್ರನಲ್ಲಿ ಗಾಳಿ ಇಲ್ಲ, ಅಲ್ಲಿ ಕಕ್ಷೆಯಿಂದಲೇ ಥೋರಿಯಂ ನಕ್ಷೆ ಮಾಡಿದ್ದಾರೆ. ಭೂಮಿಯಲ್ಲಿ ಆ ಭಾಗ್ಯ ಇಲ್ಲ.

ನೈಸ್ ಮನುಷ್ಯ

ಚಿತ್ರದ ಮಾತು ಆಮೇಲೆ. ಯಾವ ಬಗೆಯ ನಿಕ್ಷೇಪ ಹುಡುಕ್ತಿದ್ದೀರಿ ಅಂತ ತೀರ್ಮಾನಿಸದೆ ಅನುಪಾತ ಆರಿಸಿದ್ದೇ ಮೊದಲ ಎಡವಟ್ಟು.

ಗೋಗಿ ಇರೋದು ಭೀಮಾ ಜಲಾನಯನದ ಅಂಚಿನಲ್ಲಿ (ಇಲ್ಲಿ ಜಲಾನಯನ ಅಂದರೆ ನದಿಯ ಕೊಳ್ಳ ಅಲ್ಲ, ಹೂಳು ತುಂಬಿ ಬಂಡೆಯಾದ ಪುರಾತನ ತಗ್ಗು). ಗೋಗಿ–ಕುರ್ಲಗೆರೆ ಸ್ತರಭಂಗದ (ಬಂಡೆ ಸೀಳಿ ಜರುಗಿದ ಗೆರೆ) ಉದ್ದಕ್ಕೂ ಜಜ್ಜಿಹೋದ ಸುಣ್ಣಶಿಲೆಯಲ್ಲೂ ಅಡಿಯ ಗ್ರಾನೈಟಿನಲ್ಲೂ ಪಿಚ್‌ಬ್ಲೆಂಡ್, ಕಾಫಿನೈಟ್ ಎಂಬ ಯುರೇನಿಯಂ ಖನಿಜಗಳು ಕೂತಿವೆ. ಬೆಳಗಾವಿಯ ದೇಶನೂರಿನದು ಮರಳುಶಿಲೆ. ತುಮ್ಮಲಪಲ್ಲೆಯದು ಕಡಪ ಜಲಾನಯನದ ಡಾಲೋಸ್ಟೋನ್. ಇವೆಲ್ಲ ಪ್ರೊಟಿರೊಜೋಯಿಕ್ ಕಾಲದ ಜಲಾನಯನಗಳು. ಶಿವಮೊಗ್ಗ-ಚಿಕ್ಕಮಗಳೂರಲ್ಲಿ ಅಂಥ ಜಲಾನಯನವೇ ಇಲ್ಲ. ಇಲ್ಲಿರೋದು 300 ಕೋಟಿ ವರ್ಷಕ್ಕೂ ಹಳೆಯ ನೈಸ್ (ಗ್ರಾನೈಟಿನಂಥ ಪಟ್ಟೆಪಟ್ಟೆ ಬಂಡೆ), ಅದರ ಮೇಲೆ ಬಾಬಾಬುಡನ್ ಗುಂಪಿನ ಪದರಗಳು, ಅದರ ಮೇಲೆ ಚಿತ್ರದುರ್ಗ ಗುಂಪು. ಗೋಗಿಯ ಕೀಲಿಕೈ ಈ ಬೀಗಕ್ಕೆ ಆಗೋದಿಲ್ಲ.

ಇಲ್ಲಿ ಅರ್ಥವಿರೋ ಗುರಿ ಒಂದೇ: ಬಾಬಾಬುಡನ್ ಗುಂಪಿನ ತಳದಲ್ಲಿರೋ ಬೆಣಚು ಉಂಡೆಗಲ್ಲಿನ ಶಿಲೆ, ಅಂದರೆ ಕ್ವಾರ್ಟ್ಜ್ ಪೆಬಲ್ ಕಾಂಗ್ಲಾಮರೇಟ್. ಚಿಕ್ಕಮಗಳೂರಿನ ಹತ್ತಿರ ಕರ್ತಿಕೆರೆ, ಕಾರ್ಕಳ ಕಡೆ ವಾಲ್ಕುಂಜಿ, ಉತ್ತರ ಕನ್ನಡದ ಅರಬೈಲು, ಈ ಹೆಸರುಗಳು ಹಳೆಯ ಭೂವಿಜ್ಞಾನ ಬರಹಗಳಲ್ಲಿ ಸಿಗುತ್ತವೆ. ಕೆನಡಾದ ಎಲಿಯಟ್ ಲೇಕ್, ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರಾಂಡ್ ಇದೇ ಬಗೆ. ವಾತಾವರಣಕ್ಕೆ ಆಮ್ಲಜನಕ ಸೇರಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಅದಕ್ಕೂ ಮುಂಚೆ ಯುರೇನಿನೈಟ್ (ಯುರೇನಿಯಂ ಆಕ್ಸೈಡ್ ಖನಿಜ) ಕಾಳು ಹೊಳೆಯಲ್ಲಿ ಉರುಳಿದರೂ ಕರಗುತ್ತಿರಲಿಲ್ಲ. ಭಾರ ಇದ್ದದ್ದರಿಂದ ಪೈರೈಟ್, ಜಿರ್ಕಾನ್ ಜೊತೆ ಉಂಡೆಗಲ್ಲುಗಳ ಸಂದಿಯಲ್ಲಿ ನಿಂತಿತು. ಈಗಿನ ತುಂಗೆಯಲ್ಲಿ ಅದೇ ಕಾಳು ಆಮ್ಲಜನಕ ತಾಗಿ ಕರಗಿ ಹೋಗುತ್ತದೆ. ಇಲ್ಲಿ ಬಿಸಿದ್ರವವೂ ಇಲ್ಲ, ಜೇಡಿ ಪ್ರಭಾವಲಯವೂ ಇಲ್ಲ. ಹಾಗಿರುವಾಗ ಜೇಡಿಯ ಅನುಪಾತ ಸರಿಯಾಗಿಯೇ ಬಂದರೂ ಅದರಿಂದ ಉಪಯೋಗ ಎಂತದು?

ಇನ್ನೊಂದು. ಕಾಂಗ್ಲಾಮರೇಟ್ ಕಂಡ ಕೂಡಲೆ ಹಿಗ್ಗಬೇಡಿ. ಕಲ್ದುರ್ಗದ್ದು, ತಾಳ್ಯದ್ದು ಬೇರೆ ಜಾತಿ. ಅವು ಚಿತ್ರದುರ್ಗ ಗುಂಪಿನವು, ಕಿರಿಯವು, ಗ್ರಾನೈಟ್-ನೈಸ್ ಮುಂತಾದ ನಾನಾ ಬಂಡೆಯ ಗುಂಡುಗಳಿರೋವು. ಬೇಕಾದದ್ದರಲ್ಲಿ ಗುಂಡುಗಳು ಬಹುಪಾಲು ಬಿಳಿ ಬೆಣಚುಕಲ್ಲು, ಚೆನ್ನಾಗಿ ಉರುಟಾದವು, ಒಂದಕ್ಕೊಂದು ತಾಗಿಕೊಂಡವು, ಸಂದಿಯಲ್ಲಿ ಪೈರೈಟ್. ಪಕ್ಕದ ಬೆಣಚುಶಿಲೆಯಲ್ಲಿ ಹಸಿರು ಫುಕ್‌ಸೈಟ್ ಅಭ್ರಕ ಕಂಡರೆ ಸರಿಯಾದ ಊರಿಗೆ ಬಂದಿದ್ದೀರಿ ಅಂತ, ಮನೆಗೆ ಅಲ್ಲ.

ಕೊಡಚಾದ್ರಿ ಕಂಡಿ

ಹಾಗಾದರೆ ಆ ಪದರವನ್ನೇ ಚಿತ್ರದಲ್ಲಿ ಗುರುತಿಸೋದಾ ಸರ್?

ನೈಸ್ ಮನುಷ್ಯ

ಪದರದ ದಪ್ಪ ಒಂದೆರಡು ಮೀಟರ್, ಕೆಲವು ಕಡೆ ಅದೂ ಇಲ್ಲ. ನಿಮ್ಮ ಪಿಕ್ಸೆಲ್ 10 ಅಥವಾ 20 ಮೀಟರ್. ಪದರ ಕಾಣೋದಿಲ್ಲ. ಕಾಣೋದು ನೈಸ್ ಮುಗಿದು ಬೆಣಚುಶಿಲೆ ಶುರುವಾಗೋ ಅಂಚು, ಅದೂ ಬಣ್ಣದಿಂದ ಅಲ್ಲ, ನೆಲದ ಆಕಾರದಿಂದ. ನೈಸ್ ಸವೆದು ತಗ್ಗಾಗಿ, ಗದ್ದೆ-ತೋಟ ಆಗಿರುತ್ತದೆ. ಬೆಣಚುಶಿಲೆ ಸವೆಯದೆ ಒಂದು ಬದಿ ಕಡಿದಾದ, ಇನ್ನೊಂದು ಬದಿ ಇಳಿಜಾರಾದ ಏಣಾಗಿ ನಿಂತಿರುತ್ತದೆ. ಬಾಬಾಬುಡನ್‌ಗಿರಿಯ ಲಾಳದ ಆಕಾರ ಉಪಗ್ರಹ ಚಿತ್ರದಲ್ಲಿ ಯಾರಿಗಾದರೂ ಕಾಣುತ್ತದೆ. ಆ ಲಾಳದ ಶಿಖರ ಮುಳ್ಳಯ್ಯನಗಿರಿಯ ಕಬ್ಬಿಣಶಿಲೆ ಬೇಕಾಗಿಲ್ಲ, ಅದು ಮೇಲಿನ ಪದರ. ಲಾಳದ ಹೊರ ಅಂಚಿನ ಬುಡ ಬೇಕು. ಹೊನ್ನಾಳಿ ನೈಸ್ ಗುಮ್ಮಟದ ಸುತ್ತ ಕೂಡ ಇಂಥ ಅಂಚು ಇದೆ, ಆದರೆ ಅಲ್ಲಿ ತಳದ ಪದರ ಉಳಿದಿದೆಯೋ ಇಲ್ಲವೋ ಜಾಗ ಜಾಗಕ್ಕೂ ಬೇರೆ.

ಭೂಕೋಶ್‌ನಿಂದ (ಭೂವೈಜ್ಞಾನಿಕ ಸರ್ವೇಕ್ಷಣೆಯ ಜಾಲತಾಣ) 1:50,000 ಅಳತೆಯ ಬಂಡೆ ನಕ್ಷೆ ಇಳಿಸಿಕೊಳ್ಳಿ. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಚಿಕ್ಕಮಗಳೂರು 48 ಓ ಹಾಳೆಯಲ್ಲಿ, ಸಾಗರದಿಂದ ಮೇಲೆ 48 ಎನ್. ಅಂಚಿನ ಗೆರೆಗೆ ಎರಡೂ ಬದಿ 500 ಮೀಟರ್ ಬಫರ್ ಹಾಕಿದರೆ ಅಷ್ಟೇ ನಿಮ್ಮ ಕ್ಷೇತ್ರ. ಜಿಲ್ಲೆ ಪೂರ್ತಿ ಮಾಡ್ತೇನೆ ಅನ್ನೋದು ಬಿಡಿ.

ಆಗುಂಬೆ ಮೋಡ

ಆಕಾರದ ಮಾತು ಬಂದದ್ದಕ್ಕೆ ಡಿಇಎಂ, ಅಂದರೆ ನೆಲದ ಎತ್ತರದ ಅಂಕಿ-ನಕ್ಷೆ ಬಗ್ಗೆ ಹೇಳ್ತೇನೆ. ಇಲ್ಲಿ ಎಡವೋರು ಬಹಳ.

ಹಿಲ್‌ಶೇಡ್ (ಕೃತಕ ಬೆಳಕು ಬಿಟ್ಟು ಉಬ್ಬುತಗ್ಗು ತೋರಿಸೋ ಚಿತ್ರ) ಮಾಡುವಾಗ ಬೆಳಕಿನ ದಿಕ್ಕನ್ನು ಸಾಮಾನ್ಯವಾಗಿ 315 ಡಿಗ್ರಿ ಬಿಟ್ಟುಬಿಡ್ತಾರೆ. ಧಾರವಾಡ ಶಿಲೆಗಳ, ಅಂದರೆ ಮೇಲೆ ಹೇಳಿದ ಬಾಬಾಬುಡನ್, ಚಿತ್ರದುರ್ಗ ಗುಂಪುಗಳ ಹರಿವು ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ, ಅಂದರೆ ಸುಮಾರು 340. ಬೆಳಕು ಏಣಿನ ಉದ್ದಕ್ಕೇ ಬಿದ್ದರೆ ನೆರಳೇ ಬೀಳೋದಿಲ್ಲ, ಮುಖ್ಯ ದಿಕ್ಕಿನ ಏಣುಗಳೇ ಮಾಯ. 70 ಡಿಗ್ರಿ ಮತ್ತು 250 ಡಿಗ್ರಿ ಹಾಕಿ, ಅಡ್ಡ ಸೀಳುಗಳಿಗೆ 0 ಮತ್ತು 160 ಬೇರೆ ಮಾಡಿ, ಬೆಳಕಿನ ಎತ್ತರ 30ರಿಂದ 35 ಇಡಿ. ಚಳಿಗಾಲದ ಲ್ಯಾಂಡ್‌ಸ್ಯಾಟ್ ಚಿತ್ರಕ್ಕೂ ಇದೇ ಕಾಯಿಲೆ. ಬೆಳಗ್ಗೆ ಹತ್ತೂವರೆ ಹೊತ್ತಿಗೆ ಸೂರ್ಯ ಆಗ್ನೇಯದಲ್ಲಿರುತ್ತಾನೆ.

ಎರಡನೆಯದು, ಡಿಇಎಂನಲ್ಲಿ ಇರೋದು ನೆಲ ಅಲ್ಲ, ಮರದ ತುದಿ. ಕೋಪರ್ನಿಕಸ್ 30 ಮೀಟರ್ ಡಿಇಎಂ ಎಕ್ಸ್-ಬ್ಯಾಂಡ್ ರಾಡಾರಿನದು, ಎಲೆಚಾವಣಿಯನ್ನು ದಾಟೋದಿಲ್ಲ. ಎತ್ತರದ ಕಾನು ಮುಗಿದು ಅಡಿಕೆ ತೋಟವೋ ಗದ್ದೆಯೋ ಶುರುವಾಗೋ ಕಡೆ ಹತ್ತಿಪ್ಪತ್ತು ಮೀಟರಿನ ಮೆಟ್ಟಿಲು ಕಾಣುತ್ತದೆ, ಥೇಟ್ ಸ್ತರಭಂಗದ ಹಾಗೆ. ಮರ-ಕಟ್ಟಡ ಕಳೆದು ತಯಾರಿಸಿದ ಫ್ಯಾಬ್‌ಡೆಮ್ ಅಂತ ಒಂದಿದೆ, ಅದನ್ನು ಪಕ್ಕದಲ್ಲಿಟ್ಟು ಹೋಲಿಸಿ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಮೆಟ್ಟಿಲನ್ನು ಅಳಿಸಿ.

ಮೂರನೆಯದು ಗೆರೆಗಳು. ತಂತ್ರಾಂಶಕ್ಕೆ ಬಿಟ್ಟರೆ ಸಾವಿರಾರು ಗೆರೆ ಎಳೆದು ಕೊಡುತ್ತದೆ. ಶರಾವತಿಯಿಂದ ಹೊರಟ ವಿದ್ಯುತ್ ಲೈನುಗಳ ಕೆಳಗೆ ಕಾಡು ಸವರಿದ ಪಟ್ಟಿ, ತಾಳಗುಪ್ಪ ರೈಲು ಹಳಿ, ತುಂಗಾ-ಭದ್ರಾ ನಾಲೆಗಳು, ಅಕೇಶಿಯಾ ನೆಡುತೋಪಿನ ಅಂಚು, ಅರಣ್ಯ ಇಲಾಖೆಯ ಬೆಂಕಿರೇಖೆ, ಎಲ್ಲ ಸೊಗಸಾದ ನೇರ ಗೆರೆಗಳೇ. ಓಪನ್‌ಸ್ಟ್ರೀಟ್‌ಮ್ಯಾಪಿನಿಂದ ರಸ್ತೆ, ಹಳಿ, ನಾಲೆ, ಲೈನು ಇಳಿಸಿ, 100 ಮೀಟರ್ ಬಫರಿನೊಳಗೆ ಅದೇ ದಿಕ್ಕಿಗೆ ಇರೋ ಗೆರೆಗಳನ್ನು ತೆಗೆದುಹಾಕಿ. ಉಳಿದದ್ದನ್ನು ಕೈಯಾರೆ ಎಳೆಯಿರಿ. ರೋಸ್ ಡಯಾಗ್ರಾಂ (ಯಾವ ದಿಕ್ಕಿಗೆ ಎಷ್ಟು ಗೆರೆ ಅಂತ ತೋರಿಸೋ ಚಕ್ರ) ಮಾಡುವಾಗ ಗೆರೆಗಳ ಸಂಖ್ಯೆ ಬಿಟ್ಟು ಉದ್ದ ಲೆಕ್ಕಕ್ಕೆ ತಗೊಳ್ಳಿ. ಎಲ್ಲಕ್ಕೂ ಮೀಟರಿನಲ್ಲಿ ಅಳೆಯೋ ಯುಟಿಎಂ ನಕ್ಷಾ ಪದ್ಧತಿಯ 43 ಉತ್ತರ ವಲಯ ಬಳಸಿ, ಡಿಗ್ರಿಯಲ್ಲಿ ಬಫರ್ ಹಾಕಿ ತಲೆ ಕೆಡಿಸಿಕೊಳ್ಳಬೇಡಿ.

ಅಡಿಕೆ ತೋಟದ ಪಟ್ಟಿಯನ್ನು ಮಾತ್ರ ಅಳಿಸೋ ಮುಂಚೆ ಯೋಚಿಸಿ. ಒರತೆ ಇರೋ ಕಿರಿದಾದ ಕಣಿವೆಯಲ್ಲೇ ಹಳೆಯ ತೋಟ ಇರೋದು. ಒರತೆ ಇದ್ದಲ್ಲಿ ಸೀಳು ಇರೋ ಸಂಭವ ಇದೆ. ಗುಡ್ಡ ಸಮ ಮಾಡಿ ಹೊಸದಾಗಿ ಹಾಕಿದ ಚೌಕದ ತೋಟಕ್ಕೆ ಈ ಮಾತಿಲ್ಲ.

ಕೊಡಚಾದ್ರಿ ಕಂಡಿ

ರಾಡಾರ್ ಚಿತ್ರ ಮರದ ಕೆಳಗೆ ನೋಡುತ್ತದೆ ಅಂತಾರಲ್ಲ?

ಆಗುಂಬೆ ಮೋಡ

ತರಂಗದ ಉದ್ದ ನೋಡಿ ಹೇಳಬೇಕು. ಸೆಂಟಿನೆಲ್-1 ಸಿ-ಬ್ಯಾಂಡ್, 5.6 ಸೆಂಟಿಮೀಟರ್, ಎಲೆಗೇ ತಾಗಿ ವಾಪಸ್. ಜಪಾನಿನ ಪಾಲ್ಸಾರ್ ಎಲ್-ಬ್ಯಾಂಡ್, 23-24 ಸೆಂಟಿಮೀಟರ್, ಸ್ವಲ್ಪ ಒಳಗೆ ಹೋಗುತ್ತದೆ, ಆದರೂ ಮಳೆಕಾಡಿನಲ್ಲಿ ನೆಲ ಮುಟ್ಟಿತು ಅಂತ ಎಣಿಸಬೇಡಿ. ನಮ್ಮ ಇಸ್ರೋ-ನಾಸಾ ನಿಸಾರ್ 2025ರ ಜುಲೈನಲ್ಲಿ ಹಾರಿತು, ಅದರಲ್ಲಿ ಎಲ್ ಮತ್ತು ಎಸ್ ಎರಡೂ ಇವೆ. ಸೆಂಟಿನೆಲ್-1, ಪಾಲ್ಸಾರ್ ಆದರೆ ಘಟ್ಟದ ಅಂಚಿಗೆ ಇಳಿಮುಖ ಕಕ್ಷೆಯ (ಉಪಗ್ರಹ ಉತ್ತರದಿಂದ ದಕ್ಷಿಣಕ್ಕೆ ಹೋಗುವಾಗಿನ) ಚಿತ್ರ ತಗೊಳ್ಳಿ. ಏರುಮುಖದಲ್ಲಿ ಅವುಗಳ ರಾಡಾರ್ ಪಶ್ಚಿಮದಿಂದ ಪೂರ್ವಕ್ಕೆ ನೋಡುತ್ತದೆ, ಪಶ್ಚಿಮಕ್ಕೆ ಮುಖ ಮಾಡಿದ ಕಡಿದಾದ ಘಟ್ಟ ಅದರತ್ತ ಕುಸಿದು ಬಿದ್ದ ಹಾಗೆ ಮುದುಡಿಹೋಗುತ್ತದೆ.

ಗಾಮಾ ಗೌಡ್ತಿ

ಈಗ ನೆಲದ ಮೇಲೆ. ಮಲೆನಾಡಲ್ಲಿ ಮೋಸ ಹೋಗೋದು ಹೆಚ್ಚಾಗಿ ಇಲ್ಲೇ.

ಬರಿ ಒಟ್ಟು ಎಣಿಕೆ ತೋರಿಸೋ ಸಿಂಟಿಲೋಮೀಟರ್ ಹಿಡಿದು ಜಂಬಿಟ್ಟಿಗೆ ನೆಲಕ್ಕೆ ಹೋದರೆ ಅಲ್ಲೇ ಕುಣಿಯಬೇಕಾಗುತ್ತದೆ. ಲೆಕ್ಕ ನೋಡಿ. ನೆಲದಿಂದ ಒಂದು ಮೀಟರ್ ಎತ್ತರದಲ್ಲಿ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ಯುರೇನಿಯಂ ಕೊಡೋದು ಗಂಟೆಗೆ 5.67 ನ್ಯಾನೊಗ್ರೇ (ವಿಕಿರಣದ ಅಳತೆ), 1 ಪಿಪಿಎಂ ಥೋರಿಯಂ 2.49, ಶೇ 1 ಪೊಟ್ಯಾಸಿಯಂ 13.08. ಒಂದು ಸಾಧಾರಣ ಗ್ರಾನೈಟ್ ಮಣ್ಣಿನಲ್ಲಿ ಪೊಟ್ಯಾಸಿಯಂ ಶೇ 2, ಯುರೇನಿಯಂ 3, ಥೋರಿಯಂ 12 ಅಂತ ಇಟ್ಟುಕೊಳ್ಳಿ, ಮೊತ್ತ 73. ಜಂಬಿಟ್ಟಿಗೆಯಲ್ಲಿ ಪೊಟ್ಯಾಸಿಯಂ ತೊಳೆದುಹೋಗಿ ಶೇ 0.2, ಯುರೇನಿಯಂ 4, ಥೋರಿಯಂ 30 ಅಂತ ಇಟ್ಟುಕೊಳ್ಳಿ, ಮೊತ್ತ ಸರಿಯಾಗಿ 100. ಮೀಟರಿನ ಮುಳ್ಳು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಏರಿತು, ಯುರೇನಿಯಂ ಏರಿದ್ದು ಒಂದೇ ಪಿಪಿಎಂ. ಥೋರಿಯಂ ನೀರಿಗೆ ಕರಗದೆ ಕಬ್ಬಿಣದ ಆಕ್ಸೈಡಿಗೆ ಅಂಟಿಕೊಂಡು ಉಳಿಯುತ್ತದೆ, ಅದಕ್ಕೆ ಹೀಗೆ. ಕಿರಣಗಳನ್ನು ಶಕ್ತಿಯ ಪ್ರಕಾರ ಬೇರೆ ಮಾಡಿ ಎಣಿಸೋ ಸ್ಪೆಕ್ಟ್ರೋಮೀಟರ್ ಇಲ್ಲದೆ ಇಲ್ಲಿ ಕೆಲಸ ಇಲ್ಲ.

ಸ್ಪೆಕ್ಟ್ರೋಮೀಟರ್ ನೋಡೋ ಮೂರು ಕಿಂಡಿಗಳು: ಪೊಟ್ಯಾಸಿಯಂಗೆ 1.46 ಎಂಇವಿ (ಕಿರಣದ ಶಕ್ತಿಯ ಅಳತೆ), ಯುರೇನಿಯಂ ಸರಣಿಯ, ಅಂದರೆ ಅದು ಒಡೆಯುತ್ತಾ ಹೋದಂತೆ ಹುಟ್ಟೋ ಬಿಸ್ಮತ್-214ಕ್ಕೆ 1.76, ಥೋರಿಯಂ ಸರಣಿಯ ಥ್ಯಾಲಿಯಂ-208ಕ್ಕೆ 2.61. ಥೋರಿಯಂನ ಕಿರಣ ಚದುರಿ ಕೆಳಗಿನ ಕಿಂಡಿಗಳಿಗೆ ಬೀಳುತ್ತದೆ, ಅದನ್ನು ಕಳೆಯೋದಕ್ಕೆ ಸ್ಟ್ರಿಪ್ಪಿಂಗ್ ಗುಣಾಂಕ. ಆ ಗುಣಾಂಕ ನಿಮ್ಮ ಉಪಕರಣದ್ದೇ ಆಗಿರಬೇಕು, ಮಾಪನ ಪ್ಯಾಡಿನ (ಪ್ರಮಾಣ ಮೊದಲೇ ಗೊತ್ತಿರೋ ಚಪ್ಪಡಿ) ಮೇಲೆ ಇಟ್ಟು ತೆಗೆದದ್ದು. ಬೇರೆ ಉಪಕರಣದ್ದು ಹಾಕಿದರೆ ಜಂಬಿಟ್ಟಿಗೆಯ ಥೋರಿಯಂ ಅಷ್ಟೂ ಯುರೇನಿಯಂ ವೇಷ ಹಾಕುತ್ತದೆ.

ಎಣಿಸೋ ಹೊತ್ತು: 3 ಅಂಗುಲದ ಸೋಡಿಯಂ ಅಯೋಡೈಡ್ ಹರಳು 1 ಪಿಪಿಎಂಗೆ ಸೆಕೆಂಡಿಗೆ ಸುಮಾರು 0.3 ಎಣಿಕೆ ಕೊಡುತ್ತದೆ. 3 ಪಿಪಿಎಂ ನೆಲದಲ್ಲಿ 30 ಸೆಕೆಂಡಿಗೆ ಸುಮಾರು 30 ಎಣಿಕೆ, ಅದರ ವರ್ಗಮೂಲ ಐದೂವರೆ, ಅಂದರೆ ಶೇ 18 ಏರುಪೇರು, ಹಿನ್ನೆಲೆ ಕಳೆಯೋ ಮುಂಚೆಯೇ. 180 ಸೆಕೆಂಡ್ ನಿಂತರೆ ಶೇ 7-8. ಮೂರು ನಿಮಿಷಕ್ಕಿಂತ ಕಡಿಮೆ ನಿಲ್ಲಬೇಡಿ.

ಮಳೆ: ಮಣ್ಣಿನ ತೇವ ಶೇ 10 ಏರಿದರೆ ಓದು ಹತ್ತಿರತ್ತಿರ ಶೇ 10 ಇಳಿಯುತ್ತದೆ. ಆದರೆ ಮಳೆ ಬಿದ್ದ ಕೂಡಲೆ ಯುರೇನಿಯಂ ಕಿಂಡಿ ಏರುತ್ತದೆ, ಗಾಳಿಯಲ್ಲಿದ್ದ ರೇಡಾನ್ ಅನಿಲದ ಮಕ್ಕಳು, ಅಂದರೆ ಅದು ಒಡೆದು ಆದ ಧಾತುಗಳು, ಹನಿಯ ಜೊತೆ ನೆಲಕ್ಕೆ ಬರುತ್ತವೆ. ಮಳೆ ನಿಂತು ಮೂರು ಗಂಟೆಯಾದರೂ ಬಿಡಬೇಕು.

ದರೆ: ನಮ್ಮಲ್ಲಿ ಬಂಡೆ ಕಾಣೋದೇ ರಸ್ತೆಗೆ ಕಡಿದ ದರೆಯಲ್ಲಿ. ದರೆಯ ಬುಡದಲ್ಲಿ ಉಪಕರಣಕ್ಕೆ ಕೆಳಗಿನಿಂದಲೂ ಪಕ್ಕದಿಂದಲೂ ಕಿರಣ ಬರುತ್ತದೆ. ಸಮನೆಲಕ್ಕೆ ಮಾಡಿದ ಲೆಕ್ಕ ಅಲ್ಲಿ ಒಂದೂವರೆ ಪಟ್ಟು ತೋರಿಸಿದರೂ ಆಶ್ಚರ್ಯ ಇಲ್ಲ. ಗುಂಡಿಯೊಳಗೆ ಇಟ್ಟರೆ ದುಪ್ಪಟ್ಟಿನ ಹತ್ತಿರ. ಇಂಥ ಕಡೆ ಪಿಪಿಎಂ ಅಂಕೆ ನಂಬದೆ ಯುರೇನಿಯಂ-ಥೋರಿಯಂ ಅನುಪಾತ ನೋಡಿ, ಆಕಾರದ ಪರಿಣಾಮ ಎರಡಕ್ಕೂ ಹತ್ತಿರತ್ತಿರ ಒಂದೇ.

ನೈಸ್ ಮನುಷ್ಯ

ಅಕ್ಕ ಹೇಳಿದ ಅನುಪಾತಕ್ಕೆ ಒಂದು ತಿದ್ದುಪಡಿ. ಉಂಡೆಗಲ್ಲಿನ ಶಿಲೆಯಲ್ಲಿ ಥೋರಿಯಂ ಕೂಡ ಏರುತ್ತದೆ. ಹೊಳೆ ಹೊತ್ತು ತಂದ ಯುರೇನಿನೈಟ್ ಗ್ರಾನೈಟಿನ ಸಂತತಿ, ಅದರೊಳಗೇ ಥೋರಿಯಂ ಇರುತ್ತದೆ, ಜೊತೆಗೆ ಮೊನಜೈಟ್. ಬರಿ ಅನುಪಾತ ಹಿಡಿದು ಜರಡಿ ಹಿಡಿದರೆ ನಿಜವಾದ ಪದರವೇ ಬಿದ್ದುಹೋಗಬಹುದು. ಎರಡೂ ಏರಿ, ಪೊಟ್ಯಾಸಿಯಂ ಇಳಿದು, ಕಾಲಡಿ ಬೆಣಚುಶಿಲೆ ಇದ್ದರೆ ನಿಂತು ನೋಡಿ. ಎರಡೂ ಏರಿ ಕಾಲಡಿ ಜಂಬಿಟ್ಟಿಗೆ ಇದ್ದರೆ ಮುಂದೆ ನಡೆಯಿರಿ.

ಗಾಮಾ ಗೌಡ್ತಿ

ಒಪ್ಪಿದೆ. ಅಲ್ಲಿ ಅನುಪಾತವನ್ನು ಪಕ್ಕದ ಬೆಣಚುಶಿಲೆಯ ಅನುಪಾತದ ಜೊತೆ ಹೋಲಿಸಬೇಕು, ಪುಸ್ತಕದ ಅಂಕೆಯ ಜೊತೆ ಅಲ್ಲ.

ಇನ್ನೂ ಒಂದು ತೊಡಕು. ಉಪಕರಣ ಎಣಿಸೋದು ಬಿಸ್ಮತ್ತನ್ನು, ಯುರೇನಿಯಂ ಅನ್ನು ಅಲ್ಲ. ಎರಡೂ ಸಮತೋಲದಲ್ಲಿವೆ, ಅಂದರೆ ಸರಣಿಯಲ್ಲಿ ಹುಟ್ಟಿದಷ್ಟೇ ಒಡೆಯುತ್ತಿವೆ ಅಂತ ನಂಬಿ ಅಂಕೆ ಕೊಡುತ್ತದೆ. ಈ ಮಳೆಯಲ್ಲಿ ಮೇಲ್ಪದರದ ಯುರೇನಿಯಂ ತೊಳೆದುಹೋಗಿ ಮಧ್ಯದ ಥೋರಿಯಂ-230, ರೇಡಿಯಂ ಉಳಿದಿದ್ದರೆ ಗಾಮಾ ಜಾಸ್ತಿ, ರಾಸಾಯನಿಕ ಯುರೇನಿಯಂ (ಲ್ಯಾಬಿನಲ್ಲಿ ನೇರ ಅಳೆದದ್ದು) ಕಡಿಮೆ. ಜೌಗಿನಲ್ಲಿ ಇತ್ತೀಚೆಗೆ ಬಂದು ಕೂತ ಯುರೇನಿಯಂ ಆದರೆ ಉಲ್ಟಾ, ಲ್ಯಾಬಿನಲ್ಲಿ ಇದೆ, ಮೀಟರಿನಲ್ಲಿ ಇಲ್ಲ. ಪೂರ್ತಿ ಸಮತೋಲಕ್ಕೆ ಹತ್ತು ಲಕ್ಷ ವರ್ಷದ ಆಜುಬಾಜು ಬೇಕು.

ನೈಸ್ ಮನುಷ್ಯ

ಪೈರೈಟ್ ಇರೋ ಪದರದಲ್ಲಿ ಇದು ಖಂಡಿತ. ಪೈರೈಟ್ ಕೊಳೆತು ಆಮ್ಲ ಆಗುತ್ತದೆ, ಆಮ್ಲ ಯುರೇನಿಯಂ ಅನ್ನು ಕರಗಿಸಿ ಒಯ್ಯುತ್ತದೆ. ಹೊರಗೆ ಕಾಣೋದು ತುಕ್ಕು ಬಣ್ಣದ, ಚೌಕ ಚೌಕ ತೂತುಗಳ ಕಲ್ಲು. ಆ ತೂತುಗಳೇ ಗುರುತು, ಓದು ಕಡಿಮೆ ಅಂತ ಬಿಟ್ಟುಹೋಗಬೇಡಿ. ಹೊಸದಾಗಿ ಕುಸಿದ ದರೆ, ಹಳ್ಳ ಕೊರೆದ ಕಡೆ ತಾಜಾ ಮುಖ ಸಿಗುತ್ತದೆ.

ಹಳ್ಳದ ಮರಳು

ಕಾಡು ಮುಚ್ಚಿದ ಜಾಗಕ್ಕೆ ಹಳ್ಳದ ಹೂಳು ಉಪಗ್ರಹಕ್ಕಿಂತ ಎಷ್ಟೋ ಮೇಲು, ಯಾರೂ ಅದರ ಹೆಸರೇ ಎತ್ತಲಿಲ್ಲ. ಡಿಇಎಂನಿಂದ ಜಲಾನಯನ ಬಿಡಿಸಿ, ಒಂದನೇ-ಎರಡನೇ ದರ್ಜೆಯ, ಅಂದರೆ ಮೂಲದ ಹತ್ತಿರದ ಚಿಕ್ಕ ಹಳ್ಳಗಳು ಕೂಡೋ ಜಾಗಕ್ಕಿಂತ ಐವತ್ತು ಮೀಟರ್ ಮೇಲೆ ಮಾದರಿ ತೆಗೆಯಿರಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆ ಕಾಲ. 80 ಮೆಶ್, ಅಂದರೆ 180 ಮೈಕ್ರಾನಿನ ಜರಡಿಯಲ್ಲಿ ಇಳಿದದ್ದು 200 ಗ್ರಾಂ ಸಾಕು. ಅದೇ ಜಾಗದಲ್ಲಿ ಬಾಣಲೆಯಲ್ಲಿ ತೊಳೆದ ಭಾರದ ಮರಳು ಬೇರೆ ಇಡಿ. ಕಲಾಯಿ ಹಾಕಿದ ಜರಡಿ ಬೇಡ, ನೈಲಾನ್ ಬಟ್ಟೆಯದು ತಗೊಳ್ಳಿ.

ಸುಳ್ಳು ಏರಿಕೆಗೆ ಎರಡು ಕಾರಣ ಇಲ್ಲಿ ಸದಾ ಇರುತ್ತವೆ. ಒಂದು ಕೊಳೆತ ಎಲೆ. ಕಪ್ಪು ಹೂಳು ಯುರೇನಿಯಂ ಅನ್ನು ಹೀರಿ ಹಿಡಿದುಕೊಳ್ಳುತ್ತದೆ, ಗದ್ದೆ ಬದಿಯ ಜೌಗಿನ ಮಾದರಿ ಅದಕ್ಕೇ ಎದ್ದು ಕಾಣುತ್ತದೆ. ಪ್ರತಿ ಮಾದರಿಯ ಸಾವಯವ ಪ್ರಮಾಣ, ಕಬ್ಬಿಣ, ಮ್ಯಾಂಗನೀಸ್ ಅಳೆಸಿ, ಅವುಗಳ ಜೊತೆ ಏರಿದ್ದನ್ನು ಕಳೆಯಿರಿ. ಎರಡು ಗೊಬ್ಬರ. ರಂಜಕದ ಗೊಬ್ಬರ ತಯಾರಾಗೋ ಶಿಲಾರಂಜಕದಲ್ಲಿ ಹತ್ತಾರು ಪಿಪಿಎಂ, ಕೆಲವದರಲ್ಲಿ ನೂರು ದಾಟಿ ಯುರೇನಿಯಂ ಇರುತ್ತದೆ. ಸೊರಬ, ಶಿಕಾರಿಪುರದ ಶುಂಠಿ ಗದ್ದೆಗಳ ಕೆಳಗಿನ ಹಳ್ಳದಲ್ಲಿ ರಂಜಕವೂ ಯುರೇನಿಯಂ ಕೂಡ ಜೊತೆಯಲ್ಲಿ ಏರಿದ್ದರೆ ನಿಕ್ಷೇಪ ಹುಡುಕಿಕೊಂಡು ಗುಡ್ಡ ಹತ್ತಬೇಡಿ.

ಮಾದರಿ ತೆಗೆಯೋ ಮುಂಚೆ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಷ್ಟ್ರೀಯ ಭೂರಸಾಯನ ನಕ್ಷೆಯ ದತ್ತಾಂಶ ನೋಡಿ, 2 ಕಿಲೋಮೀಟರ್ ಚೌಕದ್ದು, ಭೂಕೋಶ್‌ನಲ್ಲೇ ಇದೆ. ಅದರಲ್ಲಿ ಯುರೇನಿಯಂ, ಥೋರಿಯಂ, ಕ್ರೋಮಿಯಂ, ಗಂಧಕ ನೋಡಿ ಅಂಚಿನ ಬಫರಿನ ಮೇಲೆ ಇಟ್ಟರೆ ಮೊದಲು ಯಾವ ಹಳ್ಳ ಅನ್ನೋದು ಅಲ್ಲೇ ತೀರ್ಮಾನ ಆಗುತ್ತದೆ.

ಹಿಂಗಾರ

ನಮ್ಮ ಬಾವಿ ನೀರಿನ ಕತೆ ಎಂತ ಹಾಗಾದರೆ? ಕೋಲಾರದ ಕಡೆ ಬೋರ್‌ವೆಲ್‌ನಲ್ಲಿ ಯುರೇನಿಯಂ ಅಂತ ಪೇಪರಿನಲ್ಲಿ ಬರುತ್ತದಲ್ಲ.

ಹಳ್ಳದ ಮರಳು

ಕೋಲಾರದ್ದು ನಿಕ್ಷೇಪದಿಂದ ಬಂದದ್ದಲ್ಲ. ಸಾಮಾನ್ಯ ಗ್ರಾನೈಟಿನೊಳಗೆ ಆಳದ ನೀರು ವರ್ಷಗಟ್ಟಲೆ ನಿಂತು, ಬೈಕಾರ್ಬನೇಟ್ ಜಾಸ್ತಿಯಾಗಿ, ಅದರ ಜೊತೆ ಯುರೇನಿಯಂ ಕರಗಿ ಬರುತ್ತದೆ. ನಮ್ಮ ತೆರೆದ ಬಾವಿಯ ನೀರು ಮೆದು, ಬೈಕಾರ್ಬನೇಟ್ ಕಡಿಮೆ, ಮಳೆಗಾಲದಲ್ಲಿ ಬದಲಾಗುತ್ತಲೇ ಇರುತ್ತದೆ, ಕರಗಿಸೋ ಶಕ್ತಿ ಕಡಿಮೆ. ಆಳದ ಬೋರ್ ಆದರೆ ಒಮ್ಮೆ ಪರೀಕ್ಷೆ ಮಾಡಿಸೋದು ಒಳ್ಳೆಯದು. ಕುಡಿಯೋ ನೀರಿಗೆ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಇದೇ ಕಾರಣಕ್ಕೆ ಹುಡುಕಾಟಕ್ಕೆ ನೀರಿನ ಮಾದರಿ ಮಲೆನಾಡಲ್ಲಿ ಅಷ್ಟು ಕೆಲಸಕ್ಕೆ ಬರೋದಿಲ್ಲ, ಏರಿಕೆ ಇದ್ದರೂ ಮಳೆ ತೆಳು ಮಾಡಿಬಿಡುತ್ತದೆ.

ಹಿಂಗಾರ

ಸಿಕ್ಕಿದರೆ ಗಣಿ ಬರುತ್ತದಾ? ಕುದುರೆಮುಖದ ಗಲಾಟೆ ನೋಡಿದವರಿಗೆ ಭಯ ಇರುತ್ತದೆ.

ನೈಸ್ ಮನುಷ್ಯ

ಈ ಬಗೆಯದು ಎಲಿಯಟ್ ಲೇಕ್‌ನಲ್ಲೇ ಶೇ 0.1ರ ಆಸುಪಾಸು ಇದ್ದದ್ದು, ವಿಟ್‌ವಾಟರ್ಸ್‌ರಾಂಡಿನಲ್ಲಿ ಚಿನ್ನದ ಜೊತೆ ಉಪ ಉತ್ಪನ್ನವಾಗಿ ತೆಗೆದದ್ದು. ನಮ್ಮ ಪದರಗಳು ತೆಳು, ತುಂಡು ತುಂಡು. ಒಬ್ಬ ವಿದ್ಯಾರ್ಥಿಯ ನಕ್ಷೆಗೂ ಗಣಿಗೂ ನಡುವೆ ಬಹಳ ದೂರ. ಕಾನೂನಿನ ಪ್ರಕಾರ ಯುರೇನಿಯಂ 1957ರ ಗಣಿ-ಖನಿಜ ಕಾಯ್ದೆಯ ಪರಮಾಣು ಖನಿಜ ಪಟ್ಟಿಯಲ್ಲಿದೆ. 2023ರಲ್ಲಿ ಲಿಥಿಯಂ, ಬೆರಿಲಿಯಂ ಸೇರಿ ಆರನ್ನು ಆ ಪಟ್ಟಿಯಿಂದ ತೆಗೆದರು, ಯುರೇನಿಯಂ ಉಳಿಯಿತು. ಶೋಧ ಮಾಡೋದು ಹೈದರಾಬಾದಿನಲ್ಲಿ ಕೇಂದ್ರ ಕಚೇರಿ ಇರೋ ಪರಮಾಣು ಖನಿಜ ನಿರ್ದೇಶನಾಲಯ. ಮುಕ್ತ ದತ್ತಾಂಶ ಹಿಡಿದು ಮೇಜಿನ ಮೇಲೆ ಮಾಡೋ ಅಧ್ಯಯನಕ್ಕೆ ಅಡ್ಡಿ ಇಲ್ಲ. ಕಲ್ಲು ಒಡೆಯೋದು, ಕಾಡಿಗೆ ಹೋಗೋದು ಅಂದರೆ ವಿಭಾಗದ ಮೂಲಕ ಅರಣ್ಯ ಇಲಾಖೆಯ ಅನುಮತಿ ಮೊದಲು. ಕುದುರೆಮುಖ, ಭದ್ರಾ, ಶರಾವತಿ ಸಂರಕ್ಷಿತ ಪ್ರದೇಶಗಳ ಗಡಿಯನ್ನು ನಕ್ಷೆಯ ಮೊದಲ ಪದರವಾಗಿಯೇ ಹಾಕಿ, ಅದರೊಳಗೆ ಬಿಂದುವೇ ಇಡಬೇಡಿ.

ಕೊಡಚಾದ್ರಿ ಕಂಡಿ

ಎಲ್ಲರಿಗೂ ಧನ್ಯವಾದ. ಯೋಜನೆ ಬದಲಿಸಿದೆ: ಕರ್ತಿಕೆರೆ ಕಡೆಯ ಅಂಚು ಮಾತ್ರ, 500 ಮೀಟರ್ ಬಫರ್, ಫ್ಯಾಬ್‌ಡೆಮ್ ಹಿಲ್‌ಶೇಡ್ 70 ಮತ್ತು 250, ಕೈಯಲ್ಲಿ ಎಳೆದ ಗೆರೆ, ಭೂರಸಾಯನ ದತ್ತಾಂಶ, ಆಮೇಲೆ ಅಂಚಿಗೆ ಅಡ್ಡವಾಗಿ ಗಾಮಾ ಸಾಲುಗಳು, 100 ಮೀಟರಿಗೊಂದು ಸಾಲು, 50 ಮೀಟರಿಗೊಂದು ಓದು. ಜೇಡಿ ಅನುಪಾತ ಪೂರ್ತಿ ಬಿಟ್ಟೆ. ಅನುಮತಿ ಸಿಕ್ಕಿದರೆ ಬಂಡೆ ಮಾದರಿ ಎಷ್ಟು ತೆಗೆಯಬೇಕು?

ನೈಸ್ ಮನುಷ್ಯ

50 ಮೀಟರಿಗೊಂದು ಓದು ಅಂದರೆ ಎರಡು ಮೀಟರಿನ ಪದರವನ್ನು ದಾಟಿ ಹೋಗ್ತೀರಿ. ನೈಸ್ ಕಡೆ 50 ಇರಲಿ, ಬೆಣಚುಶಿಲೆ ಏಣಿನ ಬುಡ ಹತ್ತಿರ ಬಂದ ಮೇಲೆ 5 ಮೀಟರಿಗೊಂದು. ಸಾಲುಗಳನ್ನು ಬೇಕಾದರೆ 200ಕ್ಕೆ ಹಿಗ್ಗಿಸಿ, ಪದರ ಉದ್ದಕ್ಕೆ ಓಡುತ್ತದೆ, ಅಡ್ಡಕ್ಕೆ ಅಲ್ಲ.

ಮಾದರಿಗೆ ಸಿಕ್ಕಿದ ತುಂಡು ಹೆಕ್ಕಬೇಡಿ, ಚೆಂದ ಕಂಡದ್ದೇ ಕೈಗೆ ಬರುತ್ತದೆ. ಪದರಕ್ಕೆ ಲಂಬವಾಗಿ ಒಂದು ಮೀಟರ್ ಉದ್ದ, 5 ಸೆಂಟಿಮೀಟರ್ ಅಗಲ, 3 ಸೆಂಟಿಮೀಟರ್ ಆಳದ ತೋಡು ಕಡಿಯಿರಿ, ಸುಮಾರು ನಾಲ್ಕು ಕಿಲೋ ಬರುತ್ತದೆ. ಪದರದ ಮೇಲಿನ ಮತ್ತು ಕೆಳಗಿನ ಬಂಡೆಯಿಂದಲೂ ಒಂದೊಂದು. ಒಡೆಯುವಾಗ ನೀರು ಚಿಮುಕಿಸಿ, ಧೂಳಿನ ಮುಖವಾಡ ಹಾಕಿ, ಕಲ್ಲು ಮುಟ್ಟಿದ ಕೈಯಲ್ಲಿ ಎಲೆಅಡಿಕೆ ಬೇಡ. ಮಾದರಿಗಳನ್ನು ಮಲಗೋ ಕೋಣೆಯಲ್ಲಿ ಇಡಬಾರದು, ಗಾಳಿಯಾಡೋ ಕಡೆ ಇಡಿ.

ಗಾಮಾ ಗೌಡ್ತಿ

ಲ್ಯಾಬಿಗೆ ಕಳಿಸುವಾಗ ಎರಡು ಮಾತು ಚೀಟಿಯಲ್ಲೇ ಬರೆಯಿರಿ. ರಾಸಾಯನಿಕ ಯುರೇನಿಯಂಗೆ ಪೂರ್ತಿ ಕರಗಿಸೋ ವಿಧಾನ ಬೇಕು, ಫ್ಯೂಷನ್ (ಲವಣದ ಜೊತೆ ಕಾಸಿ ಕರಗಿಸೋದು) ಆದರೆ ಇನ್ನೂ ಒಳ್ಳೆಯದು. ಬರಿ ಆಕ್ವಾ ರೀಜಿಯಾ ಆಮ್ಲ ಮಿಶ್ರಣದಲ್ಲಿ ಜಿರ್ಕಾನ್, ಮೊನಜೈಟ್ ಸರಿಯಾಗಿ ಬಿಚ್ಚಿಕೊಳ್ಳೋದಿಲ್ಲ, ಅಂಕೆ ಕಡಿಮೆ ಬರುತ್ತದೆ. ಗಾಮಾ ಅಳತೆಗೆ ಪುಡಿಯನ್ನು ಗಾಳಿ ಹೋಗದ ಡಬ್ಬಿಯಲ್ಲಿ ಮುಚ್ಚಿ ನಾಲ್ಕು ವಾರ ಇಟ್ಟು ಆಮೇಲೆ ಎಣಿಸಲಿ. ಪುಡಿ ಮಾಡುವಾಗ ರೇಡಾನ್ ಹಾರಿಹೋಗಿರುತ್ತದೆ, ಅದರ ಅರ್ಧಾಯುಷ್ಯ 3.8 ದಿನ, ಮತ್ತೆ ತುಂಬಿಕೊಳ್ಳಲು ಅಷ್ಟು ಹೊತ್ತು ಬೇಕು. ಎರಡು ಅಂಕೆ ಬಂದ ಮೇಲೆ ಒಂದನ್ನೊಂದರಿಂದ ಭಾಗಿಸಿ ಇಲ್ಲೇ ಹಾಕಿ, ಸಮತೋಲ ಎಷ್ಟು ಕೆಟ್ಟಿದೆ ನೋಡೋಣ.